ಗಡಿಯಾರ ನೋಡಬೇಡಿ, ಟೋಕನ್ ಕೂಗುವವರೆಗೆ ಕಾಯಿರಿ

ನಾನು ಮುಂಬಯಿಗೆ ಬಂದು ಮೂವತ್ತು ವರ್ಷ ದಾಟಿತು. ಬಂದ ಹೊಸದರಲ್ಲಿ ನಮ್ಮ ಶಾಖೆಯಲ್ಲಿ ಹಿತ್ತಾಳೆಯ ಟೋಕನ್ ಇತ್ತು. ಚೆಕ್ಕು ಕೊಟ್ಟವರಿಗೆ "ಹತ್ತು ನಿಮಿಷ ಬಿಟ್ಟು ಬನ್ನಿ" ಅಂತ ನಾವು ಯಾವತ್ತೂ ಹೇಳಲಿಲ್ಲ. ಲೆಡ್ಜರಿನಲ್ಲಿ ಎಂಟ್ರಿ ಬಿದ್ದು, ಅಧಿಕಾರಿ ಪಾಸ್ ಮಾಡಿ, ಕ್ಯಾಶಿಯರ್ ನಂಬರು ಕೂಗಿದಾಗ ಎದ್ದು ಬಂದರಾಯಿತು. ಒಂದು ದಿನ ಎರಡು ನಿಮಿಷ, ಇನ್ನೊಂದು ದಿನ ಅರ್ಧ ಗಂಟೆ!

ಈ ಟೋಕನ್ ಈಗ ನೆನಪಾಗಲು ಕಾರಣವಿದೆ. ಕಳೆದ ವರ್ಷ ನನ್ನನ್ನು ಹೊಸ ವೆಬ್ ಅಪ್ಲಿಕೇಶನ್ ಒಂದರ ಪರೀಕ್ಷೆಗೆ ಹಾಕಿದ್ದರು. ನಾನು ಬಿಕಾಂ, ಪ್ರೋಗ್ರಾಂ ಬರೆದವನಲ್ಲ. ಕೊನೆಯಲ್ಲಿ "ಎಲ್ಲ ಸರಿಯಿದೆ" ಅಂತ ಬ್ಯಾಂಕಿನ ಪರವಾಗಿ ಸಹಿ ಹಾಕುವವನು, ಅಷ್ಟೇ.

ಇಂಥ ಪರೀಕ್ಷೆಯ ಬಹುಪಾಲು ಈಗ ಸ್ಕ್ರಿಪ್ಟುಗಳ ಕೆಲಸ. ಅವು ತಾವೇ ಬ್ರೌಸರ್ ತೆರೆದು, ಖಾತೆ ನಂಬರು ತುಂಬಿ, ಬಟನ್ ಒತ್ತಿ, ಉತ್ತರ ತಾಳೆ ನೋಡುತ್ತವೆ. 2004ರಲ್ಲಿ ಹುಟ್ಟಿದ ಸೆಲೆನಿಯಂ ಈ ಪೈಕಿ ಹಿರಿಯ. ಆಗ ಹೆಚ್ಚಿನ ಕಡೆ ಬಟನ್ ಒತ್ತಿದರೆ ಇಡೀ ಪುಟವೇ ಹೊಸದಾಗಿ ಬರುತ್ತಿತ್ತು. ಪುಟ ಬಂತು ಅಂದರೆ ಕೆಲಸ ಮುಗಿಯಿತು. 2005ರಲ್ಲಿ ಅಜಾಕ್ಸ್ ಅಂತ ಹೆಸರು ಪಡೆದ ವಿಧಾನ ಹಬ್ಬಿದ ಮೇಲೆ ಹಾಗಿಲ್ಲ. ಪುಟ ಇದ್ದಲ್ಲೇ ಇರುತ್ತದೆ, ಬ್ಯಾಲೆನ್ಸ್ ತೋರಿಸುವ ಜಾಗ ಮಾತ್ರ ಬದಲಾಗುತ್ತದೆ. ಯಾವಾಗ? ಸರ್ವರ್ ಉತ್ತರ ಕೊಟ್ಟಾಗ!

ನಮ್ಮ ಗುತ್ತಿಗೆ ಕಂಪನಿಯ ಹುಡುಗರು ಇದಕ್ಕೆ ಸುಲಭದ ಉಪಾಯ ಮಾಡಿದ್ದರು. ಬಟನ್ ಒತ್ತಿ ಐದು ಸೆಕೆಂಡ್ ಸುಮ್ಮನಿರು, ರಸೀದಿ ಕಾಣದಿದ್ದರೆ ಇನ್ನೊಮ್ಮೆ ಒತ್ತು. ಟೆಸ್ಟ್ ಫೇಲಾದರೆ ಮೂರು ಸಲದ ತನಕ ಮತ್ತೆ ಓಡಿಸು. ಒಂದು ಸಲ ಪಾಸಾದರೂ ವರದಿಯಲ್ಲಿ ಹಸಿರು.

ನಾನು ಲೆಕ್ಕದವನಲ್ಲವೇ, ಲೆಕ್ಕ ಹಾಕಿದೆ. 300 ಟೆಸ್ಟು, ತಲಾ ಐದು ಸೆಕೆಂಡ್ ಅಂದರೆ 25 ನಿಮಿಷ ಬರೀ ನಿದ್ದೆ. ಉತ್ತರ ಅರ್ಧ ಸೆಕೆಂಡಿನಲ್ಲಿ ಬಂದರೂ ಐದೇ, ಆರನೇ ಸೆಕೆಂಡಿಗೆ ಬಂದರೆ ಫೇಲು! ಇರಲಿ, ಸಮಯ ಹೋದರೆ ಹೋಗಲಿ. "ಮೊದಲ ಸಲ ಫೇಲಾಗಿ ಆಮೇಲೆ ಪಾಸಾದವುಗಳ ಪಟ್ಟಿ ಕೊಡಿ" ಅಂದೆ.

"ಅವೆಲ್ಲ ಸ್ಕ್ರಿಪ್ಟಿನ ತೊಂದರೆ ಸರ್, ಅಪ್ಲಿಕೇಶನ್ನಿನದಲ್ಲ" ಅಂದಳು ಹುಬ್ಬಳ್ಳಿ ಕಡೆಯ ಹುಡುಗಿ. ಆದರೂ ಪಟ್ಟಿ ಕೊಟ್ಟಳು. ಅದರಲ್ಲಿ ಹಣ ವರ್ಗಾವಣೆಯ ಟೆಸ್ಟೊಂದಿತ್ತು. ಒಂದು ಸಾವಿರ ಕಳಿಸಿದರೆ ಖಾತೆಯಲ್ಲಿ ಎರಡು ಸಾವಿರ ಕಡಿಮೆಯಾಗಿತ್ತು. ಸರ್ವರ್ ತಡಮಾಡಿದಾಗ ಸ್ಕ್ರಿಪ್ಟ್ ಎರಡನೇ ಸಲ ಬಟನ್ ಒತ್ತಿತ್ತು, ಎರಡು ಎಂಟ್ರಿ ಬಿದ್ದಿದ್ದವು.

"ನೋಡಿ ಸರ್, ಸ್ಕ್ರಿಪ್ಟೇ ಎರಡು ಸಲ ಒತ್ತಿದ್ದು" ಅಂದಳು.

"ನಮ್ಮ ಪೆನ್ಶನ್‌ದಾರರೂ ಒತ್ತುತ್ತಾರಮ್ಮ" ಅಂದೆ. ರಸೀದಿ ಕಾಣದಿದ್ದರೆ ಯಾರು ತಾನೇ ಇನ್ನೊಮ್ಮೆ ಒತ್ತುವುದಿಲ್ಲ ಹೇಳಿ? ಅವಳು ಸ್ವಲ್ಪ ಹೊತ್ತು ಸ್ಕ್ರೀನನ್ನೇ ನೋಡುತ್ತ ಕೂತಳು. "ಹೌದ್ರಿ ಸರ್" ಅಂದಳು.

ಸ್ಕ್ರಿಪ್ಟು ನಿಜ ಹೇಳಿತ್ತು. ಅದು ಮಾತು ಬದಲಿಸುವ ತನಕ ನಾವು ಮತ್ತೆ ಮತ್ತೆ ಕೇಳಿದ್ದೆವು.

ಇದು ನಮ್ಮೊಬ್ಬರ ಕಥೆಯಲ್ಲ. ಒಮ್ಮೆ ಪಾಸು ಒಮ್ಮೆ ಫೇಲು ಆಗುವ ಟೆಸ್ಟುಗಳ ಬಗ್ಗೆ ಇಲಿನಾಯ್ ವಿಶ್ವವಿದ್ಯಾಲಯದವರು 2014ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅಪಾಚೆಯ 51 ಯೋಜನೆಗಳನ್ನು ನೋಡಿದ್ದರು. ಕಾರಣ ಗುರುತಿಸಿದ ಪ್ರಕರಣಗಳಲ್ಲಿ ಸುಮಾರು ಶೇ. 45ರಲ್ಲಿ ಮೂಲ ಇದೇ, ಉತ್ತರಕ್ಕೆ ಸರಿಯಾಗಿ ಕಾಯದಿರುವುದು. ಸರಿಪಡಿಸಿದವುಗಳಲ್ಲಿ ಸುಮಾರು ನಾಲ್ಕನೇ ಒಂದು ಭಾಗಕ್ಕೆ ಟೆಸ್ಟಲ್ಲ, ಪ್ರೋಗ್ರಾಮನ್ನೇ ತಿದ್ದಬೇಕಾಯಿತು.

ಹುಡುಗರ ಕಷ್ಟವೂ ನನಗೆ ಗೊತ್ತು. ತಲಾ ನೂರಕ್ಕೆ ಒಂದು ಸಲ ಸುಮ್ಮಸುಮ್ಮನೆ ಫೇಲಾಗುವ 300 ಟೆಸ್ಟುಗಳಿದ್ದರೆ, ಎಲ್ಲವೂ ಒಟ್ಟಿಗೆ ಪಾಸಾಗುವುದು ನೂರಕ್ಕೆ ಐದೇ ಸಲ. ದಿನಾ ಕೆಂಪು ಬಂದರೆ ಮೇಲಿನವರು ಬಿಡುತ್ತಾರೆಯೇ? ಅದಕ್ಕೇ ಮತ್ತೆ ಓಡಿಸುತ್ತಾರೆ. ಓಡಿಸಲಿ, ಬೇಡ ಅನ್ನುವುದಿಲ್ಲ. ಆದರೆ ಮೊದಲ ಫೇಲನ್ನು ಅಳಿಸಬಾರದು. ನಾವು ಲೆಡ್ಜರಿನಲ್ಲಿ ತಪ್ಪು ಎಂಟ್ರಿಯನ್ನು ರಬ್ಬರಿನಿಂದ ಅಳಿಸುತ್ತಿದ್ದೆವೇ? ಗೀಟು ಹಾಕಿ ಸಹಿ ಮಾಡುತ್ತಿದ್ದೆವು.

ಕಾಯುವುದಕ್ಕೂ ಸರಿಯಾದ ರೀತಿಯಿದೆ. ಸೆಲೆನಿಯಂನಲ್ಲಿ "ರಸೀದಿ ನಂಬರು ಕಾಣುವವರೆಗೆ ಕಾಯಿ, ಮೂವತ್ತು ಸೆಕೆಂಡ್ ದಾಟಿದರೆ ಫೇಲ್ ಅನ್ನು" ಅಂತ ಬರೆಯಬಹುದು. 2020ರಲ್ಲಿ ಬಂದ ಪ್ಲೇರೈಟ್ ಬಟನ್ ಕಂಡು, ಒತ್ತಲು ಬರುವವರೆಗೆ ತಾನೇ ಕಾಯುತ್ತದೆ. ಆದರೆ ಕೆಲಸ ಮುಗಿಯಿತು ಅಂದರೆ ಏನು ಅನ್ನುವುದು ಯಾವ ಸಾಧನಕ್ಕೂ ತಾನಾಗಿ ತಿಳಿಯುವುದಿಲ್ಲ. ತಿರುಗುವ ಚಕ್ರ ನಿಂತರೆ ಮುಗಿಯಿತೇ? ಇಲ್ಲ. ರಸೀದಿ ನಂಬರು ಬರಬೇಕು, ಬ್ಯಾಲೆನ್ಸ್ ತಾಳೆಯಾಗಬೇಕು. ಇದನ್ನು ಹೇಳಬೇಕಾದವರು ಬ್ಯಾಂಕಿನವರಾದ ನಾವು. ನಾವೂ ಹೇಳಿರಲಿಲ್ಲ, ಅದು ನಮ್ಮ ತಪ್ಪು.

ನಾನು ಸಹಿ ಹಾಕಲಿಲ್ಲ. ಒಂದು ವಾರ ಮುಂದೆ ಹೋಯಿತು, ಮೇಲಿನವರ ಮುಖ ದಪ್ಪಗಾಯಿತು. ಒಂದೇ ವರ್ಗಾವಣೆಯ ಕೋರಿಕೆ ಎರಡು ಸಲ ಬಂದರೂ ಸರ್ವರ್ ಒಂದೇ ಎಂಟ್ರಿ ಹಾಕುವಂತೆ ತಿದ್ದಿದರು. ಸ್ಕ್ರಿಪ್ಟಿಗೂ ಬೇಕಂತಲೇ ಎರಡು ಸಲ ಬಟನ್ ಒತ್ತುವ ಹೊಸ ಟೆಸ್ಟ್ ಸೇರಿತು. ಅದನ್ನು ಬರೆದವಳು ಆ ಹುಬ್ಬಳ್ಳಿಯ ಹುಡುಗಿಯೇ.

ಮುಂಬಯಿ, ಪುಣೆ, ಹೈದರಾಬಾದಿನ ನಮ್ಮ ಎಷ್ಟೋ ಮನೆಗಳಲ್ಲಿ ಈ ಕೆಲಸದ ಮಕ್ಕಳಿದ್ದಾರೆ. ರಾತ್ರಿ ಊಟಕ್ಕೆ ಕೂತಾಗ ಒಮ್ಮೆ ಕೇಳಿ ನೋಡಿ, "ನಿನ್ನ ಇವತ್ತಿನ ಹಸಿರು ಎಷ್ಟನೇ ಸಲಕ್ಕೆ ಬಂದದ್ದು?" ಅಂತ.