ನ್ಯೂರೋಫೀಡ್‌ಬ್ಯಾಕ್‌ಗೆ ಹಣ ಕಟ್ಟುವ ಮುನ್ನ

ನನ್ನ ಖಾಲಾ ಮಗಳಿಗೆ ಮೂರ್ಛೆರೋಗವಿದೆ. ನಮ್ಮ ಮನೆಯಲ್ಲಿ ಅದನ್ನು ಮಿರ್ಗಿ ಎನ್ನುತ್ತಾರೆ, ಅದೂ ದನಿ ತಗ್ಗಿಸಿ. ನನಗಿಂತ ನಾಲ್ಕು ವರ್ಷ ದೊಡ್ಡವಳಾದ್ದರಿಂದ ನಾನು ಅವಳನ್ನು ಆಪಾ ಎಂದು ಕರೆಯುತ್ತೇನೆ. ಹೆಸರು ಹಾಕದೆ ನಿನ್ನ ಬಗ್ಗೆ ಬರೆಯಲೇ ಎಂದು ಕೇಳಿದೆ. "ಬರಿ, ಆದರೆ ಪಾಪ ಅಂತ ಬರೀಬೇಡ" ಅಂದಳು.

ಕೆಲವು ತಿಂಗಳ ಹಿಂದೆ ಖಾಲಾ ಒಂದು ಕರಪತ್ರ ತಂದರು. ನ್ಯೂರೋಫೀಡ್‌ಬ್ಯಾಕ್ ಎಂಬ ಚಿಕಿತ್ಸೆ, 40 ಸಿಟ್ಟಿಂಗ್, ಒಂದಕ್ಕೆ 1,500 ರೂಪಾಯಿ. ಮಾತ್ರೆಯಿಲ್ಲದೆ ಫಿಟ್ಸ್‌ನಿಂದ ಮುಕ್ತಿ ಎಂದು ಅದರಲ್ಲಿ ಬರೆದಿತ್ತು. ಒಟ್ಟು 60,000 ರೂಪಾಯಿ. ಖಾಲಾ ಬಳೆ ಅಡವಿಡಲು ತಯಾರಾಗಿದ್ದರು. "ನೀನು ಕಾಮರ್ಸ್ ಓದ್ತೀಯಲ್ಲ, ಲೆಕ್ಕ ನೋಡು" ಎಂದು ಅದನ್ನು ನನ್ನ ಕೈಗೆ ಕೊಟ್ಟರು. ನಾನು ನೋಡಿದ ಲೆಕ್ಕ ಇದು.

ಮೊದಲಿಗೆ, ಇದು ಪೂರ್ತಿ ಮೋಸವೆಂದು ನಾನು ಹೇಳುವುದಿಲ್ಲ. ತಲೆಗೆ ಇಇಜಿ ಮಾಡುವಾಗಿನಂತೆ ವೈರು ಅಂಟಿಸುತ್ತಾರೆ. ಕರೆಂಟ್ ಕೊಡುವುದಿಲ್ಲ, ಮೆದುಳಿನ ಅಲೆಗಳನ್ನು ಓದುತ್ತಾರೆ ಅಷ್ಟೇ. ಬೇಕಾದ ಅಲೆ ಬಂದಾಗ ಎದುರಿನ ಪರದೆಯಲ್ಲಿ ಚಿತ್ರ ಓಡುತ್ತದೆ ಅಥವಾ ಶಬ್ದ ಬರುತ್ತದೆ. ಹೀಗೆ ಮತ್ತೆ ಮತ್ತೆ ಬಹುಮಾನ ಸಿಕ್ಕಿ ಮೆದುಳು ಆ ಅಲೆಯನ್ನು ಕಲಿಯುತ್ತದೆ ಎಂಬುದು ಇದರ ತತ್ವ.

ಇದರ ಹುಟ್ಟು ಬೆಕ್ಕುಗಳಿಂದ. 1960ರ ದಶಕದಲ್ಲಿ ಅಮೆರಿಕದ ಬ್ಯಾರಿ ಸ್ಟರ್ಮನ್ ಎಂಬ ವಿಜ್ಞಾನಿ, ಸೆಕೆಂಡಿಗೆ 12ರಿಂದ 15 ಬಾರಿ ಬರುವ ಒಂದು ಅಲೆಯನ್ನು ಹೆಚ್ಚಿಸಲು ಬೆಕ್ಕುಗಳಿಗೆ ಆಹಾರದ ಆಸೆ ತೋರಿಸಿ ಕಲಿಸಿದರು. ಆಮೇಲೆ ರಾಕೆಟ್ ಇಂಧನದ ವಿಷ ಫಿಟ್ಸ್ ತರಿಸುವುದನ್ನು ಪರೀಕ್ಷಿಸುವಾಗ, ಹಾಗೆ ಕಲಿತ ಬೆಕ್ಕುಗಳು ಉಳಿದವಕ್ಕಿಂತ ಹೆಚ್ಚು ಹೊತ್ತು ತಡೆದುಕೊಂಡವು. 1972ರಲ್ಲಿ ಮೂರ್ಛೆರೋಗವಿದ್ದ ಒಬ್ಬ ಯುವತಿಗೆ ಇದನ್ನು ಕಲಿಸಿದ ವರದಿ ಪ್ರಕಟವಾಯಿತು. 2009ರಲ್ಲಿ 10 ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ, 87 ರೋಗಿಗಳಲ್ಲಿ 64 ಜನರಿಗೆ ಫಿಟ್ಸ್ ಕಡಿಮೆಯಾಗಿತ್ತು.

ಈ ಅಂಕಿಯನ್ನು ನೋಡಿ ಖಾಲಾಗೆ ಖುಷಿಯಾಯಿತು. ಆದರೆ ಬ್ಯಾಲೆನ್ಸ್ ಶೀಟ್ ಓದುವಾಗ ಮೊತ್ತದ ಜೊತೆ ಟಿಪ್ಪಣಿಯನ್ನೂ ಓದಬೇಕೆಂದು ನಮ್ಮ ಅಕೌಂಟೆನ್ಸಿ ಸರ್ ಹೇಳುತ್ತಾರೆ. ಇಲ್ಲಿ ಟಿಪ್ಪಣಿ ಮೂರು. ಒಂದು, ಫಿಟ್ಸ್ "ಕಡಿಮೆ"ಯಾಗಿತ್ತು, ಎಲ್ಲರಿಗೂ ನಿಂತಿರಲಿಲ್ಲ. ಎರಡು, ಇಷ್ಟು ವರ್ಷಗಳ ಅಧ್ಯಯನ ಸೇರಿಸಿದರೂ ಜನ 87 ಮಾತ್ರ. ನಮ್ಮ ಕಾಲೇಜಿನ ಒಂದು ಸೆಕ್ಷನ್‌ನಷ್ಟು. ಮೂರು, ಅವರೆಲ್ಲ ಮಾತ್ರೆಯಿಂದ ಗುಣ ಕಾಣದವರು.

ಆಪಾ ಅಂಥವಳಲ್ಲ. ಕಳೆದ ವರ್ಷ ಅವಳಿಗೆ ಫಿಟ್ಸ್ ಬಂದದ್ದು ಎರಡೇ ಸಲ. ಒಮ್ಮೆ ರಂಜಾನಿನಲ್ಲಿ ಸಹರಿಗೆ ಎಚ್ಚರವಾಗದೆ ಮಾತ್ರೆ ತಪ್ಪಿದಾಗ, ಇನ್ನೊಮ್ಮೆ ಮದುವೆ ಮನೆಯಲ್ಲಿ ರಾತ್ರಿಯಿಡೀ ನಿದ್ದೆಗೆಟ್ಟು ಮಾತ್ರೆ ಬಿಟ್ಟಾಗ. ಮೂರ್ಛೆರೋಗಿಗಳಲ್ಲಿ ಸುಮಾರು 70 ಶೇಕಡಾ ಜನ ಸರಿಯಾದ ಚಿಕಿತ್ಸೆ ಸಿಕ್ಕರೆ ಫಿಟ್ಸ್ ಇಲ್ಲದೆ ಬದುಕಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮದೇ ರಾಜ್ಯದ ಯಳಂದೂರಿನ ಹಳ್ಳಿಗಳಲ್ಲಿ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ಫಿನೋಬಾರ್ಬಿಟೋನ್, ಫಿನೈಟೋಯಿನ್ ಎಂಬ ಅಗ್ಗದ ಹಳೆಯ ಮಾತ್ರೆಗಳಿಂದಲೇ ಬಹಳ ಜನರ ಫಿಟ್ಸನ್ನು ಹತೋಟಿಗೆ ತಂದಿದ್ದರು. ಅದು 2001ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು.

ಹಾಗಾದರೆ ಖಾಲಾ 60,000 ಕೊಟ್ಟು ಕೊಳ್ಳಲು ಹೊರಟಿದ್ದು ಏನನ್ನು? ನಾನು ನೇರವಾಗಿ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಮಾತ್ರೆ ಕಾಣುತ್ತೆ ಬೇಟಾ. ನಾಳೆ ಸಸುರಾಲ್‌ನಲ್ಲಿ ಯಾರಾದರೂ ಕೇಳಿದರೆ? ಲೋಗಾಂ ಕ್ಯಾ ಬೋಲಿಂಗೆ?"

ಆಗ ನನಗೆ ಲೆಕ್ಕ ಅರ್ಥವಾಯಿತು. ಖಾಲಾ ಚಿಕಿತ್ಸೆ ಹುಡುಕುತ್ತಿರಲಿಲ್ಲ, ಗುಟ್ಟು ಉಳಿಸುವ ದಾರಿ ಹುಡುಕುತ್ತಿದ್ದರು. ಮದುವೆ ಮನೆಯಲ್ಲಿ ಆಪಾ ಮಾತ್ರೆ ಬಿಟ್ಟದ್ದೂ ಇದೇ ಕಾರಣಕ್ಕೆ. ಎಲ್ಲರೆದುರು ಸ್ಟ್ರಿಪ್ ತೆಗೆಯಲು ಅವಳಿಗೆ ನಾಚಿಕೆಯಾಗಿತ್ತು. "ಮಾತ್ರೆ ಇಲ್ಲದೆ" ಎಂದು ಬರೆದವರಿಗೆ ನಮ್ಮ ಈ ನಾಚಿಕೆಯ ಬೆಲೆ ಚೆನ್ನಾಗಿ ಗೊತ್ತು. ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯವಾಗಬಹುದು ಎಂಬ ಮಾತು ಮಾತ್ರ ಆ ಕರಪತ್ರದಲ್ಲಿ ಎಲ್ಲೂ ಇರಲಿಲ್ಲ.

ನಾಚಿಕೆ ಏಕೆ? ಮೂರ್ಛೆರೋಗವಿದ್ದ ಒಬ್ಬ ಮಹಿಳೆ ಪ್ರವಾದಿಯವರ (ಸ) ಬಳಿ ದುಆ ಕೇಳಲು ಬಂದದ್ದು, ಸಹನೆಗೆ ಸ್ವರ್ಗವಿದೆ ಎಂಬ ಶುಭವಾರ್ತೆ ಆಕೆಗೆ ಸಿಕ್ಕಿದ್ದು ಹದೀಸ್‌ನಲ್ಲಿದೆ. ಆಕೆ ತನ್ನ ಕಾಯಿಲೆಯನ್ನು ಬಚ್ಚಿಡಲಿಲ್ಲ. ರೋಜಾದ ವಿಷಯದಲ್ಲೂ ಕಾಯಿಲೆಯವರಿಗೆ ರಿಯಾಯಿತಿ ಇದೆ. ಉಪವಾಸ ಇಡಬಹುದೇ, ಮಾತ್ರೆಯ ಹೊತ್ತು ಬದಲಿಸಬಹುದೇ ಎಂದು ರಂಜಾನಿಗೆ ಮೊದಲೇ ಡಾಕ್ಟರನ್ನು ಕೇಳಬೇಕು.

ನನ್ನ ಅಭಿಪ್ರಾಯ ಇಷ್ಟು. ಎರಡು ಸರಿಯಾದ ಮಾತ್ರೆಗಳನ್ನು ಸರಿಯಾಗಿ ತೆಗೆದುಕೊಂಡರೂ ಫಿಟ್ಸ್ ನಿಲ್ಲದವರು ಮೊದಲು ನಿಮ್ಹಾನ್ಸ್‌ನಂಥ ಕಡೆ ತೋರಿಸಬೇಕು. ಕೆಲವರಿಗೆ ಆಪರೇಷನ್ ಸಾಧ್ಯವಿದೆ. ಅದರ ನಂತರ, ನರರೋಗ ತಜ್ಞರಿಗೆ ತಿಳಿಸಿ, ಮಾತ್ರೆಯನ್ನೂ ಮುಂದುವರಿಸುತ್ತಾ ನ್ಯೂರೋಫೀಡ್‌ಬ್ಯಾಕ್ ಮಾಡಿಸಿದರೆ ನನ್ನ ತಕರಾರಿಲ್ಲ. ಮಾತ್ರೆಯ ಬದಲಿಗೆ ಎಂದರೆ ಮಾತ್ರ ಬೇಡ, ಪುಕ್ಕಟೆ ಕೊಟ್ಟರೂ ಬೇಡ.

ಖಾಲಾ ಕರಪತ್ರವನ್ನು ಆಪಾಳ ಡಾಕ್ಟರಿಗೆ ತೋರಿಸಿದರು. ಅವರೂ ಮಾತ್ರೆ ಬಿಡಬೇಡಿ ಎಂದರು. ಬಳೆ ಖಾಲಾ ಕೈಯಲ್ಲೇ ಇದೆ.

ನಮ್ಮ ಕೈಯಲ್ಲಿಯೂ ಒಂದು ಕೆಲಸವಿದೆ, ಅದಕ್ಕೆ ಖರ್ಚಿಲ್ಲ. ತರಗತಿಯಲ್ಲಿ ಯಾರಿಗಾದರೂ ಫಿಟ್ಸ್ ಬಂದರೆ ಕೈಗೆ ಬೀಗದ ಕೈ ತುರುಕಬೇಡಿ, ಬಾಯಿಗೆ ಏನನ್ನೂ ಹಾಕಬೇಡಿ, ಅದುಮಿ ಹಿಡಿಯಬೇಡಿ. ಸುತ್ತಲಿನ ಬೆಂಚು ಸರಿಸಿ, ಒಂದು ಮಗ್ಗುಲಿಗೆ ಮಲಗಿಸಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಸೇರಿಸಿ. ವೀಡಿಯೋ ಮಾಡಬೇಡಿ. ಮರುದಿನ ಅವರು ತರಗತಿಗೆ ಬಂದಾಗ ಎಂದಿನಂತೆ ಪಕ್ಕದಲ್ಲಿ ಕೂತುಕೊಳ್ಳಿ.