ವೆನಿಸ್: ಒಂದು ದಿನದ ಅತಿಥಿಗೆ ಸುಂಕ, ಖಾಲಿಯಾಗುವ ಮನೆಗೆ ಮೌನ

ಇಟಲಿಯ ಬೊಲೊನ್ಯದಲ್ಲಿ ಓದುವ ವಿದ್ಯಾರ್ಥಿನಿಯೊಬ್ಬಳನ್ನು ಊಹಿಸಿಕೊಳ್ಳೋಣ. ಶನಿವಾರ ಮುಂಜಾನೆ ರೈಲು ಹತ್ತಿದರೆ ಸುಮಾರು ಒಂದೂವರೆ ತಾಸಿನಲ್ಲಿ ಆಕೆ ವೆನಿಸ್ ತಲುಪುತ್ತಾಳೆ. ಸಾಂತಾ ಲೂಚಿಯಾ ನಿಲ್ದಾಣದ ಮೆಟ್ಟಿಲಿಳಿದರೆ ಎದುರಿಗೇ ಮಹಾಕಾಲುವೆ. ಜಲಸಾರಿಗೆಯ ಒಂದು ಟಿಕೆಟಿಗೆ 9.50 ಯೂರೋ ತೆರಬೇಕಾದ್ದರಿಂದ ಆಕೆ ನಡೆದೇ ಊರು ಸುತ್ತುತ್ತಾಳೆ. ರಿಯಾಲ್ಟೊ ಸೇತುವೆ, ಸಂತ ಮಾರ್ಕನ ಚೌಕ, ಹೆಸರು ತಿಳಿಯದ ಹತ್ತಾರು ಓಣಿಗಳು. ಚೀಲದಲ್ಲಿ ಬುತ್ತಿ ಇರುತ್ತದೆ, ಸಂಜೆಗೆ ಮರಳುವ ರೈಲು ಇರುತ್ತದೆ. ಹೋಟೆಲಿನ ಮಾತೇ ಇಲ್ಲ. ಯುರೋಪಿನ ವಿದ್ಯಾರ್ಥಿಗಳು ತಲೆಮಾರುಗಳಿಂದ ಈ ನಗರವನ್ನು ನೋಡಿರುವುದು ಬಹುಮಟ್ಟಿಗೆ ಹೀಗೆಯೇ.

ಈ ಬಗೆಯ ಅತಿಥಿಯ ಮೇಲೆ ವೆನಿಸ್ ನಗರಾಡಳಿತ 2024ರ ಏಪ್ರಿಲ್ 25ರಿಂದ ಪ್ರವೇಶ ಶುಲ್ಕ ವಿಧಿಸಿತು. ಆ ವರ್ಷ ಆಯ್ದ 29 ದಿನಗಳಲ್ಲಿ, ಬೆಳಗ್ಗೆ 8.30ರಿಂದ ಸಂಜೆ 4ರವರೆಗೆ, ತಲೆಗೆ 5 ಯೂರೋ. 2025ರಲ್ಲಿ ದಿನಗಳ ಸಂಖ್ಯೆ 54ಕ್ಕೆ ಏರಿತು. ಮುಂಚಿತವಾಗಿ ಕಾಯ್ದಿರಿಸಿದವರಿಗೆ ಹಳೆಯ ದರವೇ ಉಳಿಯಿತು. ಕೊನೆಯ ಮೂರು ದಿನಗಳಲ್ಲಿ ಮನಸ್ಸು ಮಾಡಿದವರಿಗೆ ಅದು 10 ಯೂರೋ ಆಯಿತು. ಸಂಕೇತವನ್ನು ಫೋನಿನಲ್ಲಿಟ್ಟುಕೊಳ್ಳದೆ ಸಿಕ್ಕಿಬಿದ್ದರೆ 50ರಿಂದ 300 ಯೂರೋವರೆಗೆ ದಂಡ. ವಿದ್ಯಾರ್ಥಿ ಎಂಬ ಕಾರಣಕ್ಕೆ ವಿನಾಯಿತಿ ದೊರೆಯುವುದು ವೆನಿಸ್‌ನಲ್ಲೇ ಓದುವವರಿಗೆ ಮಾತ್ರ. ವೆನೆತೊ ಪ್ರಾಂತ್ಯದ ನಿವಾಸಿಗಳೂ ಶುಲ್ಕ ತೆರಬೇಕಾಗಿಲ್ಲ. ಆದರೆ ಬೊಲೊನ್ಯ ಆ ಪ್ರಾಂತ್ಯದ ಗಡಿಯಾಚೆ ಇದೆ.

ನಗರದ ವಾದದಲ್ಲಿ ಹುರುಳಿಲ್ಲವೆಂದು ತಳ್ಳಿಹಾಕುವಂತಿಲ್ಲ. ನೂರಕ್ಕೂ ಹೆಚ್ಚು ಪುಟ್ಟ ದ್ವೀಪಗಳನ್ನು ಸುಮಾರು 400 ಸೇತುವೆಗಳಿಂದ ಹೊಲಿದು ಕಟ್ಟಿದ ಊರಿದು. ಇಲ್ಲಿ ಕಸವನ್ನು ಕೈಗಾಡಿಯಲ್ಲಿ ತಳ್ಳಿ ದೋಣಿಗೆ ತುಂಬಬೇಕು. ಬೆಳಗ್ಗೆ ಬಂದು ಸಂಜೆ ಮರಳುವವನು ಬಿಟ್ಟುಹೋಗುವ ಕಾಗದ, ಸೀಸೆಗಳ ವೆಚ್ಚ ಸ್ಥಳೀಯರ ತಲೆಗೇ ಬರುತ್ತದೆ. ಒಂದು ರಾತ್ರಿ ತಂಗಿದವರು ಪ್ರವಾಸಿ ತೆರಿಗೆ ಕೊಡುತ್ತಾರೆ, ಹಗಲು ಬಂದು ಹೋಗುವವರು ಏನನ್ನೂ ಕೊಡುವುದಿಲ್ಲ ಎಂಬುದು ಆಡಳಿತದ ಲೆಕ್ಕ. ಲೆಕ್ಕವೇನೋ ಸರಿ. ಆದರೆ ಶುಲ್ಕವನ್ನು ಜಗತ್ತಿನೆದುರು ಮಂಡಿಸಿದ್ದು ಕಸದ ವೆಚ್ಚ ತುಂಬಿಕೊಳ್ಳುವ ಉಪಾಯವಾಗಿ ಅಲ್ಲ, ಜನಸಂದಣಿ ತಗ್ಗಿಸಿ ನಗರವನ್ನು ಉಳಿಸುವ ಪ್ರಯೋಗವಾಗಿ.

ಆ ಮಾತನ್ನೇ ಒರೆಗೆ ಹಚ್ಚೋಣ. ಮೊದಲ ವರ್ಷ ಶುಲ್ಕ ತೆತ್ತವರು ಸುಮಾರು 4.85 ಲಕ್ಷ ಮಂದಿ, ಬಂದ ಹಣ ಸುಮಾರು 24 ಲಕ್ಷ ಯೂರೋ. ಎರಡನೆಯ ವರ್ಷ ತೆತ್ತವರ ಸಂಖ್ಯೆ ಏಳು ಲಕ್ಷ ದಾಟಿತು, ಆದಾಯ 54 ಲಕ್ಷ ಯೂರೋ ಆಸುಪಾಸಿಗೆ ಬಂತು. ಬೊಕ್ಕಸದ ಮಟ್ಟಿಗೆ ಇದು ಗೆಲುವು. ಸಂದಣಿ ಕರಗಲಿಲ್ಲವೆಂದು ನಗರಸಭೆಯ ವಿರೋಧ ಪಕ್ಷದವರು ಮೊದಲ ವರ್ಷವೇ ದೂರಿದರು. ಕರಗುವುದಾದರೂ ಹೇಗೆ? ರೈಲಿಗೆ, ಊಟಕ್ಕೆ ಹಣ ಹೊಂದಿಸಿಕೊಂಡು ಹೊರಟವರು ಒಂದು ಕಾಫಿ, ಒಂದು ತಿಂಡಿಯ ಬೆಲೆಗೆ ಹಿಂದೆ ಸರಿಯುವುದಿಲ್ಲ. ಸರಿದರೂ ಸರಿಯುವವರು ಜೇಬು ಹಗುರವಾಗಿರುವ ವಿದ್ಯಾರ್ಥಿಗಳೇ.

ಶುಲ್ಕದ ಪ್ರಸ್ತಾವಕ್ಕೆ ನಗರಸಭೆ ಒಪ್ಪಿಗೆಯಿತ್ತ ಕಾಲವನ್ನೂ ಗಮನಿಸಬೇಕು. ವೆನಿಸನ್ನು ಅಪಾಯದಲ್ಲಿರುವ ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಬೇಕೆಂದು ಯುನೆಸ್ಕೊ ತಜ್ಞರು 2023ರ ಜುಲೈನಲ್ಲಿ ಶಿಫಾರಸು ಮಾಡಿದ್ದರು. ಸೆಪ್ಟೆಂಬರಿನಲ್ಲಿ ರಿಯಾದ್‌ನಲ್ಲಿ ಸೇರಿದ ಸಮಿತಿ ಅದನ್ನು ಕೈಬಿಟ್ಟಿತು. ಅದೇ ವಾರ ನಗರಸಭೆ ಶುಲ್ಕಕ್ಕೆ ಮತ ಹಾಕಿತ್ತು. (ನಮ್ಮ ಹಂಪಿ ವಿಶ್ವ ಪರಂಪರೆಯ ಪಟ್ಟಿ ಸೇರಿದ್ದು 1986ರಲ್ಲಿ, ವೆನಿಸ್ ಅದರ ಮರುವರ್ಷ.) ಎರಡೂ ಘಟನೆಗಳನ್ನು ಕಾಕತಾಳೀಯವೆಂದು ನಂಬಲು ಬಹಳ ಮುಗ್ಧರಾಗಿರಬೇಕು.

ನಿಜವಾದ ಗಾಯ ಬೇರೆಡೆ ಇದೆ. ರಿಯಾಲ್ಟೊ ಬಳಿಯ ಸ್ಯಾನ್ ಬಾರ್ತೊಲೊಮಿಯೊ ಚೌಕದ ಔಷಧ ಅಂಗಡಿಯೊಂದರ ಕಿಟಕಿಯಲ್ಲಿ 2008ರಲ್ಲಿ ಒಂದು ಅಂಕಿ ಫಲಕವನ್ನಿಟ್ಟರು. ಹಳೆಯ ನಗರದಲ್ಲಿ ಇನ್ನೂ ಬಾಳುತ್ತಿರುವ ಜನರ ಸಂಖ್ಯೆ ಅದರಲ್ಲಿ ಮೂಡುತ್ತದೆ. ಆಗ 60 ಸಾವಿರದ ಆಸುಪಾಸಿನಲ್ಲಿದ್ದ ಅಂಕಿ 2022ರ ಆಗಸ್ಟಿನಲ್ಲಿ 50 ಸಾವಿರಕ್ಕಿಂತ ಕೆಳಗಿಳಿಯಿತು. 1950ರ ದಶಕದ ಆರಂಭದಲ್ಲಿ ಇಲ್ಲಿ ಸುಮಾರು 1.75 ಲಕ್ಷ ಜನರಿದ್ದರು. ಪ್ರವಾಸಿಗರಿಗೆ ಮೀಸಲಾದ ಹಾಸಿಗೆಗಳ ಸಂಖ್ಯೆ ನಿವಾಸಿಗಳ ಸಂಖ್ಯೆಯನ್ನು ಮೀರಿತೆಂದು 2023ರಲ್ಲಿ ಸ್ಥಳೀಯ ನಾಗರಿಕ ಸಂಘಟನೆಯೊಂದು ಎಣಿಸಿ ಹೇಳಿತು. ಸಂಸಾರವೊಂದಕ್ಕೆ ವರ್ಷವಿಡೀ ಬಾಡಿಗೆಗೆ ಕೊಡುವುದಕ್ಕಿಂತ ವಾರಾಂತ್ಯದ ಅತಿಥಿಗಳಿಗೆ ಕೊಟ್ಟರೆ ಮಾಲೀಕನಿಗೆ ಲಾಭ ಹೆಚ್ಚು. ಹೀಗೆ ಮನೆಗಳು ಕೈಬದಲಾಯಿಸುತ್ತವೆ, ದಿನಸಿ ಅಂಗಡಿಯಿದ್ದಲ್ಲಿ ಮುಖವಾಡ ಮಾರುವ ಅಂಗಡಿ ಬರುತ್ತದೆ, ಹರೆಯದವರು ಸೇತುವೆಯಾಚೆಯ ಮೆಸ್ತ್ರೆಗೆ ಹೋಗುತ್ತಾರೆ.

ಈ ಬದಲಾವಣೆಯಲ್ಲಿ ಬುತ್ತಿ ಕಟ್ಟಿಕೊಂಡು ಬಂದವಳ ಪಾಲೆಷ್ಟು? ಆಕೆ ಓಣಿಯನ್ನು ಕಿಕ್ಕಿರಿಸುತ್ತಾಳೆ, ನಿಜ; ಯಾರ ಮನೆಯನ್ನೂ ಕಸಿಯುವುದಿಲ್ಲ. ಮನೆಯಾಗಿದ್ದ ಕೋಣೆಯಲ್ಲಿ ಮೂರು ರಾತ್ರಿ ತಂಗುವವರಿಗೆ ಪ್ರವೇಶ ಶುಲ್ಕದಿಂದ ವಿನಾಯಿತಿಯಿದೆ! ಅಲ್ಪಾವಧಿ ಬಾಡಿಗೆಗೆ ಮಿತಿ ಹೇರುವ ವಿಶೇಷ ಅಧಿಕಾರವನ್ನು ಇಟಲಿಯ ಸಂಸತ್ತು 2022ರಲ್ಲೇ ವೆನಿಸ್‌ಗೆ ನೀಡಿತ್ತು. ಶುಲ್ಕ ಹೇರುವಾಗ ತೋರಿದ ಉತ್ಸಾಹವನ್ನು ಆಗಿನ ಮೇಯರ್ ಲುಯಿಜಿ ಬ್ರುನ್ಯಾರೊ ಅವರ ಆಡಳಿತ ಆ ಅಧಿಕಾರದ ಬಳಕೆಯಲ್ಲಿ ತೋರಲಿಲ್ಲ. ಮತ ಹಾಕುವವರಲ್ಲಿ ಮನೆ ಮಾಲೀಕರಿದ್ದಾರೆ. ಬೊಲೊನ್ಯದ ವಿದ್ಯಾರ್ಥಿನಿಗೆ ಅಲ್ಲಿ ಮತವಿಲ್ಲ. ಬಾರ್ಸಿಲೋನಾದ ಮೇಯರ್ ಜೌಮೆ ಕೊಲ್ಬೊನಿ 2024ರ ಜೂನ್‌ನಲ್ಲಿ ತಮ್ಮ ನಗರದ ಹತ್ತು ಸಾವಿರಕ್ಕೂ ಹೆಚ್ಚು ಪ್ರವಾಸಿ ವಸತಿಗಳ ಪರವಾನಗಿಯನ್ನು 2028ರೊಳಗೆ ಕೊನೆಗೊಳಿಸುವುದಾಗಿ ಸಾರಿದರು. ಅದು ಕೈಗೂಡುವುದೋ ಇಲ್ಲವೋ, ಕೈ ಹಾಕಿದ್ದಂತೂ ಮೂಲಕ್ಕೆ.

ಮನಸ್ಸಿದ್ದಾಗ ವೆನಿಸ್ ಕಠಿಣ ನಿರ್ಧಾರ ಕೈಗೊಳ್ಳಬಲ್ಲುದು. 2019ರ ನವೆಂಬರಿನಲ್ಲಿ ಸಮುದ್ರ 187 ಸೆಂಟಿಮೀಟರ್ ಏರಿ ಊರನ್ನು ಮುಳುಗಿಸಿತು. ಮರುವರ್ಷದ ಅಕ್ಟೋಬರಿನಲ್ಲಿ ದಶಕಗಳಿಂದ ನೆನೆಗುದಿಗೆ ಬಿದ್ದಿದ್ದ ಮೋಸೆ ತಡೆಗೋಡೆ ಮೊದಲ ಬಾರಿಗೆ ಉಬ್ಬರವನ್ನು ತಡೆಯಿತು. ದೈತ್ಯ ವಿಹಾರ ನೌಕೆಗಳನ್ನು 2021ರ ಆಗಸ್ಟಿನಿಂದ ಜುದೆಕ್ಕಾ ಕಾಲುವೆಯಿಂದ ಹೊರಗಿಡಲಾಯಿತು. ಮನೆಯ ವಿಷಯ ಬಂದಾಗ ಮಾತ್ರ ನಿಲ್ದಾಣದ ಬಾಗಿಲಲ್ಲಿ ಫೋನು ತಪಾಸಣೆ ನಡೆಸಿ ತೃಪ್ತಿಪಟ್ಟುಕೊಂಡಿತು.

ಶುಲ್ಕದಿಂದ ಬಂದ ಹಣದಲ್ಲಿ ಎಷ್ಟು ಮನೆಗಳು ದುರಸ್ತಿಯಾಗಿ ವೆನಿಸ್‌ನಲ್ಲೇ ಬಾಳಬಯಸುವವರ, ಅಲ್ಲಿನ ಕಾ ಫೋಸ್ಕರಿ ವಿಶ್ವವಿದ್ಯಾಲಯದಲ್ಲಿ ಓದುತ್ತ ಕೋಣೆ ಹುಡುಕುವವರ ಕೈಸೇರಿದವು ಎಂಬ ಲೆಕ್ಕವನ್ನು ನಗರಾಡಳಿತ ವರ್ಷವರ್ಷವೂ ಮುಂದಿಡಲಿ. ಹಾಗಾದರೆ ಬೊಲೊನ್ಯದಿಂದ ಬಂದವಳೂ 5 ಯೂರೋ ಕೊಡಲು ಗೊಣಗಲಾರಳು.