ಪುಸ್ತಕ ದಪ್ಪವಿದ್ದರೆ ಸಾಲದು, ಮಗುವಿನ ಕೈಗೆ ಎಟುಕಬೇಕು

ಹತ್ತನೆಯ ತರಗತಿಯವರೆಗೆ ವಿಜ್ಞಾನವನ್ನು ಕನ್ನಡದಲ್ಲಿ ಕಲಿತ ಮಗು ಹನ್ನೊಂದಕ್ಕೆ ಕಾಲಿಟ್ಟ ಕೂಡಲೇ ಭೌತಶಾಸ್ತ್ರ ಇಂಗ್ಲಿಷಿಗೆ ತಿರುಗುತ್ತದೆ. ಕಾಸರಗೋಡಿನಲ್ಲಾಗಲಿ, ಅಕ್ಕಲಕೋಟೆ, ಜತ್ತ ಭಾಗದಲ್ಲಾಗಲಿ ಇದು ಮನೆಮನೆಯ ಅನುಭವ. ಗಾಬರಿಗೊಂಡ ಪೋಷಕರು ಹೆಸರು ಕೇಳಿದ ದಪ್ಪ ಪುಸ್ತಕಗಳನ್ನೆಲ್ಲ ಕೊಂಡು ತರುತ್ತಾರೆ. ಕೆಲವೇ ತಿಂಗಳಲ್ಲಿ ಅವು ಕಪಾಟು ಸೇರುತ್ತವೆ, "ನನಗೆ ಫಿಸಿಕ್ಸ್ ಆಗುವುದಿಲ್ಲ" ಎಂದು ಮಗು ಕೈಚೆಲ್ಲುತ್ತದೆ. ಎಷ್ಟೋ ಸಲ ಇಲ್ಲಿ ತಪ್ಪಿರುವುದು ಪುಸ್ತಕದ ಆಯ್ಕೆ.

ಪ್ರಸಿದ್ಧಿಯೇ ಅಳತೆಗೋಲಲ್ಲ. ರಿಚರ್ಡ್ ಫೈನ್‌ಮನ್ 1961ರಿಂದ 1963ರವರೆಗೆ ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ ಮಾಡಿದ ಉಪನ್ಯಾಸಗಳ ಮೂರು ಸಂಪುಟಗಳು ಜಗದ್ವಿಖ್ಯಾತ. ಆದರೆ ಅಧ್ಯಾಯದ ಕೊನೆಯಲ್ಲಿ ಬಿಡಿಸಲು ಲೆಕ್ಕಗಳಿಲ್ಲ. ವಿದ್ಯಾರ್ಥಿಗಳಿಗೆ ಅವು ಎಷ್ಟು ದಕ್ಕಿದವೆಂಬ ಬಗ್ಗೆ ಫೈನ್‌ಮನ್ ಅವರೇ ಮುನ್ನುಡಿಯಲ್ಲಿ ಸಂಶಯ ತೋಡಿಕೊಂಡಿದ್ದಾರೆ. ವಿಷಯ ಒಮ್ಮೆ ಕಲಿತ ಮೇಲೆ ಓದಿದರೆ ಅವು ಹಬ್ಬ. ಅಂತರ್ಜಾಲದಲ್ಲಿ ಉಚಿತವಾಗಿಯೇ ಸಿಗುವುದರಿಂದ ಕೊಳ್ಳುವ ಅಗತ್ಯವೂ ಇಲ್ಲ.

ಹಾಗಾದರೆ ಏನು ಕೊಡಿಸಬೇಕು? ಪರೀಕ್ಷೆಗೆ ನಿಮ್ಮ ರಾಜ್ಯದ ಪಠ್ಯವೇ ಮೊದಲು. ಜೊತೆಗೆ ಎನ್‌ಸಿಇಆರ್‌ಟಿ ಪುಸ್ತಕಗಳನ್ನು ಅದರ ಜಾಲತಾಣದಿಂದ ಉಚಿತವಾಗಿ ಇಳಿಸಿಕೊಳ್ಳಬಹುದು. ಸ್ವಂತವಾಗಿ ಮುಂದೆ ಹೋಗಬಯಸುವ ಮಗುವಿಗೆ ಎಚ್.ಸಿ. ವರ್ಮಾ ಅವರ ಎರಡು ಭಾಗಗಳ 'ಕಾನ್ಸೆಪ್ಟ್ಸ್ ಆಫ್ ಫಿಸಿಕ್ಸ್' ಸಾಕು. ಹನ್ನೊಂದರಲ್ಲಿ ಭೌತಶಾಸ್ತ್ರ ಚಲನೆಯ ಪಾಠದಲ್ಲೇ ಕ್ಯಾಲ್ಕುಲಸ್ ಬಳಸತೊಡಗುತ್ತದೆ, ಗಣಿತದ ಪುಸ್ತಕ ಅಲ್ಲಿಗೆ ಬರುವುದು ತಡವಾಗಿ. ಮಕ್ಕಳು ಎಡವುವುದು ಈ ಕಂದಕದಲ್ಲಿ. ವರ್ಮಾ ಅವರ ಎರಡನೆಯ ಅಧ್ಯಾಯವೇ ಬೇಕಾದ ಗಣಿತವನ್ನು ಕಲಿಸಿಕೊಡುತ್ತದೆ.

ಕಂಪ್ಯೂಟರಿನಿಂದ ಭೌತಶಾಸ್ತ್ರ ಮಾಡುವ ಆಸೆಯಿದ್ದರೂ ಆರಂಭಕ್ಕೆ ಕಾಗದ ಸಾಕು. ಮರದಿಂದ ಬಿದ್ದ ತೆಂಗಿನಕಾಯಿ, ಗಾಳಿಯ ತಡೆ ಬಿಟ್ಟರೆ, 1 ಸೆಕೆಂಡಿನಲ್ಲಿ 4.9 ಮೀಟರ್ ಇಳಿಯುತ್ತದೆ. ಇದು ಸೂತ್ರದ ಉತ್ತರ. ಈಗ ಅದೇ ಸೆಕೆಂಡನ್ನು ಹತ್ತು ತುಂಡು ಮಾಡಿ. ಒಂದೊಂದು ತುಂಡಿನಲ್ಲೂ ಆ ಕ್ಷಣದ ವೇಗವನ್ನು 0.1ರಿಂದ ಗುಣಿಸಿ ದೂರಕ್ಕೆ ಕೂಡಿಸಲಿ, ಬಳಿಕ ವೇಗಕ್ಕೆ 0.98 ಸೇರಿಸಲಿ. ಉತ್ತರ 4.41 ಬರುತ್ತದೆ. ನೂರು ತುಂಡು ಮಾಡಿದರೆ 4.851. ಕೊರತೆ ಏಕೆ ಬಂತು, ತುಂಡು ಕಿರಿದಾದಂತೆ ಏಕೆ ತಗ್ಗಿತು ಎಂದು ಮಗು ಯೋಚಿಸಿದರೆ ಪಾಠ ಆರಂಭವಾಯಿತು. ಗಾಳಿಯ ತಡೆ ಸೇರಿದಾಗ ಸೂತ್ರ ಕಠಿಣವಾಗುತ್ತದೆ, ಈ ಕ್ರಮ ಮಾತ್ರ ಹಾಗೆಯೇ ನಡೆಯುತ್ತದೆ. ನೂರು ಹೆಜ್ಜೆಯ ಕೆಲಸಕ್ಕೆ ಪೈಥಾನ್ ಇದೆ, ಅದೂ ಉಚಿತ. ಮಾರ್ಕ್ ನ್ಯೂಮನ್ ಅವರ 'ಕಂಪ್ಯುಟೇಶನಲ್ ಫಿಸಿಕ್ಸ್', ಗ್ರಿಫಿತ್ಸ್ ಅವರ ವಿದ್ಯುತ್ಕಾಂತ ಶಾಸ್ತ್ರದ ಪುಸ್ತಕ ಪದವಿಯ ಹಂತಕ್ಕೆ ಸೇರಿದವು. ಈಗಲೇ ಕೊಂಡು ಹೊರೆ ಮಾಡಬೇಡಿ.

ಕನ್ನಡದಲ್ಲಿ ಕಲಿತದ್ದು ವ್ಯರ್ಥವಾಯಿತೆಂದು ಕೊರಗಬೇಕಿಲ್ಲ. ಜಡತ್ವ, ಸಂವೇಗ, ವೇಗೋತ್ಕರ್ಷ ಎಂಬ ಪದಗಳೊಂದಿಗೆ ಅವುಗಳ ಅರ್ಥವೂ ಮಗುವಿಗೆ ಬಂದಿದೆ. ಒಂದು ನೋಟ್‌ಬುಕ್‌ನಲ್ಲಿ ಕನ್ನಡ ಪದ, ಎದುರಿಗೆ ಇಂಗ್ಲಿಷ್ ಪದ, ಕೆಳಗೆ ಮಗುವಿನದೇ ಒಂದು ಉದಾಹರಣೆ ಬರೆಸಿ. ಹಳೆಯ ಕನ್ನಡ ಪಠ್ಯಪುಸ್ತಕವನ್ನು ರದ್ದಿಗೆ ಹಾಕಬೇಡಿ.

ಪುಸ್ತಕ ಸರಿಯೇ ಎಂದು ತಿಳಿಯಲು ನಿಮಗೆ ಭೌತಶಾಸ್ತ್ರ ಗೊತ್ತಿರಬೇಕಾಗಿಲ್ಲ. ಕೊಳ್ಳುವ ಮೊದಲು ಗ್ರಂಥಾಲಯದಿಂದಲೋ ಹಿರಿಯ ವಿದ್ಯಾರ್ಥಿಗಳಿಂದಲೋ ಅದನ್ನು ತಂದು ಒಂದು ಅಧ್ಯಾಯ ಓದಿಸಿ. ವಾರದ ಕೊನೆಗೆ ಅಂಕ ಕೇಳದೆ ನೋಟ್‌ಬುಕ್ ನೋಡಿ. ಲೆಕ್ಕಗಳ ಪ್ರಯತ್ನ, ಹೊಡೆದುಹಾಕಿದ ಸಾಲುಗಳು, ಮತ್ತೆ ಬರೆದ ಉತ್ತರಗಳು ಕಂಡರೆ ಪುಸ್ತಕ ಸರಿಯಾದದ್ದು. ಪುಟಗಳು ಖಾಲಿ ಉಳಿದಿದ್ದರೆ ಮಗುವನ್ನು ಗದರಬೇಡಿ, ಒಂದು ಮೆಟ್ಟಿಲು ಕೆಳಗಿನ ಪುಸ್ತಕ ಕೊಡಿ. ಅಲ್ಲಿಂದ ಹತ್ತಿದವರೂ ಮೇಲೆ ತಲುಪುತ್ತಾರೆ.